ಕಾಗದದ ಟ್ರೇನರ್ ವಿಮಾನ: ಟೈಗರ್ ಮಾತ್, ಹಾರ್ವರ್ಡ್, ಎಚ್‌ಟಿ-2, ಮೊದಲು ಯಾವುದಕ್ಕೆ ಕೈ ಹಾಕೋದು?

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮೊದಲ ಕಾಗದದ ವಿಮಾನ ಟೈಗರ್ ಮಾತ್ ಆಗೋದು ಬೇಡ. ಎಲ್ಲರೂ ಅದನ್ನೇ ಆರಿಸುತ್ತಾರೆ, ನಾನೂ ಅದನ್ನೇ ಆರಿಸಿದ್ದೆ. ಎರಡು ಅಂತಸ್ತಿನ ರೆಕ್ಕೆ, ನಡುವೆ ತಂತಿಗಳು, ತೆರೆದ ಕಾಕ್‌ಪಿಟ್, ಹಳದಿ ಬಣ್ಣ, ಫೋಟೋ ನೋಡಿದರೆ ಯಾರಿಗೆ ಆಸೆ ಆಗಲ್ಲ ಹೇಳಿ. ನನ್ನದು ಈಗ ಅಟ್ಟದ ಮೇಲೆ ಶೂ ಡಬ್ಬದಲ್ಲಿದೆ. ಮೈ ಒಂದು ಮೂಲೆಯಲ್ಲಿ, ಮೇಲಿನ ರೆಕ್ಕೆ ಇನ್ನೊಂದು ಮೂಲೆಯಲ್ಲಿ.

ನೋಟ್‌ಬುಕ್ ಹಾಳೆ ಹರಿದು ಮಡಚಿ ಹಾರಿಸುತ್ತೇವಲ್ಲ, ಆ ರಾಕೆಟ್ ಬಗ್ಗೆ ಅಲ್ಲ ಈ ಮಾತು. ದಪ್ಪ ಹಾಳೆ ಮೇಲೆ ಭಾಗಗಳನ್ನು ಪ್ರಿಂಟ್ ಮಾಡಿಸಿ, ಒಂದೊಂದೇ ಕತ್ತರಿಸಿ, ಸುತ್ತಿ, ಅಂಟಿಸಿ, ನಿಜವಾದ ವಿಮಾನದ ಅಳತೆಯನ್ನು ಇಷ್ಟರಲ್ಲಿ ಒಂದು ಪಾಲು ಅಂತ ಇಳಿಸಿ ಮಾಡುವ ಮಾಡೆಲ್. ಹಾರಲ್ಲ. ಷೋಕೇಸಿನಲ್ಲಿ ಕೂರುತ್ತದೆ ಅಥವಾ ದಾರದಲ್ಲಿ ತೂಗುತ್ತದೆ ಅಷ್ಟೇ.

ಹಳೆಯ ಟ್ರೇನರ್‌ಗಳು ಈ ಕೆಲಸಕ್ಕೆ ಚೆನ್ನಾಗಿವೆ. ಫೈಟರ್ ಜೆಟ್‌ಗಳ ಹಾಗೆ ಮೈಯೆಲ್ಲ ಡೊಂಕು ಇರಲ್ಲ, ಹೊರಗೆ ನೇತಾಡೋ ಬಾಂಬು ಕ್ಷಿಪಣಿಗಳ ಕಾಟ ಇರಲ್ಲ, ಬಣ್ಣ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಆದರೆ ಒಂದು ಮೋಸ ಇದೆ. ಕಲಿಯೋ ಹುಡುಗರಿಗೆ ಅಂತಲೇ ಮಾಡಿದ ವಿಮಾನ, ಹಾಗಾಗಿ ನಮ್ಮಂಥ ಕಲಿಯೋರಿಗೂ ಸುಲಭ ಇರಬೇಕು ಅಂತ ಅನ್ನಿಸಿಬಿಡುತ್ತದೆ. ಪೈಲಟ್‌ಗೆ ಸುಲಭ ಆಗಿದ್ದು ಕತ್ತರಿ ಹಿಡಿದವನಿಗೂ ಸುಲಭ ಆಗಬೇಕು ಅಂತೇನಿಲ್ಲ. ಅದನ್ನೇ ಒಂದೊಂದಾಗಿ ನೋಡೋಣ.

ಟೈಗರ್ ಮಾತ್

ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ವಿಮಾನ, ಮೊದಲು ಹಾರಿದ್ದು 1931ರ ಅಕ್ಟೋಬರ್‌ನಲ್ಲಿ. ಜಿಪ್ಸಿ ಮೇಜರ್ ಅನ್ನೋ 130 ಅಶ್ವಶಕ್ತಿಯ ಎಂಜಿನ್, ರೆಕ್ಕೆಯ ಅಗಲ 8.94 ಮೀಟರ್. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಪೈಲಟ್‌ಗಳು ಅಆಇಈ ಕಲಿತಿದ್ದು ಇದರಲ್ಲೇ, ನಮ್ಮ ವಾಯುಪಡೆಯವರೂ ಸೇರಿ. ಹಾರಿಸೋದು ಸುಲಭ, ಚೆನ್ನಾಗಿ ಹಾರಿಸೋದು ಕಷ್ಟ ಅಂತ ಇದರ ಬಗ್ಗೆ ಒಂದು ಮಾತಿದೆ. ಕಾಗದದಲ್ಲಿ ಇದು ಇನ್ನೂ ನಿಜ.

ಮೈ ತುಂಬಾ ಸುಲಭ. ಪಕ್ಕಗಳು ಚಪ್ಪಟೆ, ಬೆನ್ನು ಮಾತ್ರ ದುಂಡಗೆ, ಹೆಚ್ಚುಕಡಿಮೆ ಬೆಂಕಿಪೊಟ್ಟಣವನ್ನು ಉದ್ದಕ್ಕೆ ಎಳೆದ ಹಾಗೆ. ಒಂದು ಭಾನುವಾರ ಕೂತರೆ ಮೈ, ಬಾಲ ಎರಡೂ ಮುಗಿಯುತ್ತವೆ. ಆವಾಗ ನಮಗೆ ಕೊಂಬು ಬರುತ್ತದೆ. ಮುಂದಿನ ವಾರ ರೆಕ್ಕೆಗೆ ಬಂದಾಗ ಆ ಕೊಂಬು ಮುರಿಯುತ್ತದೆ.

ಟೈಗರ್ ಮಾತ್‌ನ ಮೇಲಿನ ರೆಕ್ಕೆ ಕೆಳಗಿನದರ ನೇರಕ್ಕೆ ಕೂರಲ್ಲ. ಇದಕ್ಕಿಂತ ಮುಂಚಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟಿನವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಬೇಕಂದರೆ ಮೇಲಿನ ರೆಕ್ಕೆ, ಅದರ ಕಂಬಗಳು ತಲೆಗೆ ಅಡ್ಡ ಬರುತ್ತಿದ್ದವು. ಹಾಗಾಗಿ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಸರಿಸಿದ ಮೇಲೆ ತೂಕದ ಲೆಕ್ಕ ತಪ್ಪಿತು, ಅದನ್ನು ಸರಿಮಾಡಲು ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಪೈಲಟ್‌ನ ಜೀವ ಉಳಿಸಿದ ಈ ಬದಲಾವಣೆಯೇ ಮಾಡೆಲ್ ಮಾಡುವವನ ಜೀವ ತೆಗೆಯುತ್ತದೆ. ಮೇಲಿನ ರೆಕ್ಕೆ ಮುಂದಕ್ಕೂ ಇರಬೇಕು, ಹಿಂದಕ್ಕೂ ಓರೆ ಇರಬೇಕು, ತುದಿಗಳು ಸ್ವಲ್ಪ ಮೇಲಕ್ಕೂ ಏಳಬೇಕು, ಮತ್ತೆ ಇದೆಲ್ಲವನ್ನೂ ಹಿಡಿದು ನಿಲ್ಲಿಸಬೇಕಾಗಿರೋದು ಕಡ್ಡಿಯಷ್ಟು ಸಣ್ಣ ಕಂಬಗಳು.

ನನಗೆ ಆಗಿದ್ದು ಇಷ್ಟೇ. ನಡುವಿನ ಕಂಬಗಳನ್ನು ಅಂಟಿಸಿದೆ, ರೆಕ್ಕೆ ಇಟ್ಟೆ, ಎದುರಿಂದ ನೋಡಿದೆ, ಸರಿಯಾಗೇ ಇತ್ತು. ಊಟ ಮಾಡಿ ಬಂದು ಮೇಲಿನಿಂದ ನೋಡಿದರೆ ಎಡ ತುದಿ ಮುಂದೆ, ಬಲ ತುದಿ ಹಿಂದೆ. ಲೆಕ್ಕ ಹಾಕಿ ನೋಡಿ: 1:33 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ 33ರಲ್ಲಿ ಒಂದು ಪಾಲಿಗೆ ಇಳಿಸಿದಾಗ, ಇದರ ರೆಕ್ಕೆ ಸುಮಾರು 27 ಸೆಂ.ಮೀ., ಅರ್ಧ ಅಂದರೆ 13.5. ನಡುವಲ್ಲಿ ಬರೀ ಒಂದು ಡಿಗ್ರಿ ತಿರುಗಿದರೂ ತುದಿಯಲ್ಲಿ ಎರಡು ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಅಲ್ಲಿಗೆ ನಾಲ್ಕೂವರೆ ಮಿಲಿಮೀಟರ್ ಸೊಟ್ಟ. ಬಿಚ್ಚೋಣ ಅಂತ ಎಳೆದೆ, ಕಾಗದದ ಕಂಬ ಸಿಪ್ಪೆ ಸುಲಿದ ಹಾಗೆ ಎದ್ದು ಬಂತು.

ಮಾಡಲೇಬೇಕು ಅಂತಿದ್ದರೆ ಎರಡು ಮಾತು. ಕಂಬಗಳನ್ನು ಕಾಗದದಲ್ಲಿ ಮಾಡಬೇಡಿ, ತೆಂಗಿನ ಪೊರಕೆ ಕಡ್ಡಿಯನ್ನು ಬ್ಲೇಡಿನಲ್ಲಿ ಕೆರೆದು, ಸ್ವಲ್ಪ ಚಪ್ಪಟೆ ಮಾಡಿ ಬಳಸಿ, ಕಿಟ್ಟಿನಲ್ಲಿ, ಅಂದರೆ ಭಾಗಗಳನ್ನು ಬಿಡಿಸಿರೋ ಹಾಳೆಗಳಲ್ಲಿ, ಕೊಟ್ಟಿರೋ ಕಂಬದ ಚಿತ್ರವನ್ನು ಅದರ ಮೇಲೆ ಸುತ್ತಿ. ಇನ್ನೊಂದು, ಬರೀ ಕೈಯಲ್ಲಿ ಹಿಡಿದು ರೆಕ್ಕೆ ಕೂರಿಸೋಕೆ ಹೋಗಬೇಡಿ. ರಟ್ಟಿನಲ್ಲಿ ಎರಡು ಆನಿಕೆ ಮಾಡಿ, ಕೆಳಗಿನ ರೆಕ್ಕೆಯ ಮೇಲೆ ನಿಲ್ಲಿಸಿ, ಮೇಲಿನ ರೆಕ್ಕೆಯನ್ನು ಅದರ ಮೇಲೆ ಒರಗಿಸಿಟ್ಟು, ಎಲ್ಲ ಕಡೆಯಿಂದ ಸ್ಕೇಲ್ ಹಿಡಿದು ನೋಡಿದ ಮೇಲೆಯೇ ಅಂಟು. ತಂತಿಗೆ ಹೊಲಿಗೆ ದಾರ ಬೇಡ, ಅದರ ಜುಂಗು ಎದ್ದು ಕಾಣುತ್ತದೆ. ಸೀರೆ ಕುಚ್ಚು ಕಟ್ಟುತ್ತಾರಲ್ಲ, ಆ ನುಣುಪಾದ ದಾರದ ಒಂದೇ ಎಳೆ ಬಿಡಿಸಿಕೊಂಡರೆ ಸಾಕು.

ಹಾರ್ವರ್ಡ್

ಅಮೆರಿಕದ ನಾರ್ತ್ ಅಮೆರಿಕನ್ ಕಂಪನಿಯದು. ಅಲ್ಲಿ ಇದಕ್ಕೆ ಟೆಕ್ಸನ್ ಅಂತ ಹೆಸರು, ಬ್ರಿಟಿಷರು ಹಾರ್ವರ್ಡ್ ಅಂದರು, ನಮ್ಮ ವಾಯುಪಡೆಯಲ್ಲೂ ಅದೇ ಹೆಸರು ಉಳಿಯಿತು. ಟೈಗರ್ ಮಾತ್ ಒಂದನೇ ಕ್ಲಾಸಾದರೆ ಇದು ಹೈಸ್ಕೂಲು. 600 ಅಶ್ವಶಕ್ತಿಯ, ಒಂಬತ್ತು ಸಿಲಿಂಡರಿನ ದುಂಡು ಎಂಜಿನ್, ಒಳಕ್ಕೆ ಮಡಚಿಕೊಳ್ಳುವ ಚಕ್ರ, ಉದ್ದದ ಗಾಜಿನ ಮುಚ್ಚಳ. ಎಲ್ಲ ಮಾದರಿ ಸೇರಿ 15 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿದ್ದಾರೆ. ಎಷ್ಟೋ ದೇಶದ ವಾಯುಪಡೆಗಳು ಬಳಸಿದ್ದರಿಂದ ಕಾಗದದ ಕಿಟ್‌ಗಳಿಗೂ ಬಣ್ಣಗಳಿಗೂ ಬರ ಇಲ್ಲ.

ನೋಡಿದರೆ ಕಷ್ಟದ ಹಾಗೆ ಕಾಣುತ್ತದೆ, ಮಾಡುವಾಗ ಅಷ್ಟಿಲ್ಲ. ರೆಕ್ಕೆ ಒಂದೇ, ಅದೂ ಕೆಳಗೆ. ನಡುಭಾಗ ಚಪ್ಪಟೆ, ಅಲ್ಲಿಂದ ಎರಡೂ ಕಡೆ ಸ್ವಲ್ಪ ಮೇಲಕ್ಕೆ ಏಳುತ್ತದೆ. ಒಳಗೆ ರಟ್ಟಿನ ಒಂದೇ ಪಟ್ಟಿ ಈ ತುದಿಯಿಂದ ಆ ತುದಿಗೆ ಹಾಯುವುದರಿಂದ ಆ ಏರು ತಾನಾಗೇ ಬರುತ್ತದೆ, ಸೊಟ್ಟ ಆಗಬೇಕಂದರೆ ನೀವೇ ಕಷ್ಟಪಟ್ಟು ಸೊಟ್ಟ ಮಾಡಬೇಕು. ಮತ್ತೆ ದೊಡ್ಡ ಅನುಕೂಲ ಅಂದರೆ ಚಕ್ರ. ಕಾಗದದ ಮಾಡೆಲ್‌ನಲ್ಲಿ ಮೊದಲು ಮುರಿಯೋದು ಯಾವಾಗಲೂ ಚಕ್ರದ ಕಾಲುಗಳು. ಹಾರ್ವರ್ಡ್‌ನಲ್ಲಿ ಚಕ್ರ ಮಡಚಿದ ಹಾಗೆ ಮಾಡಿ, ದಾರದಲ್ಲಿ ತೂಗಿಬಿಟ್ಟರೆ ಆ ತಲೆನೋವೇ ಇಲ್ಲ. ಟೈಗರ್ ಮಾತ್‌ಗೆ, ಎಚ್‌ಟಿ-2ಗೆ ಈ ಅವಕಾಶ ಇಲ್ಲ, ಅವುಗಳ ಕಾಲು ಯಾವಾಗಲೂ ಹೊರಗೇ.

ಕಷ್ಟ ಇರೋದು ಮೂತಿಯಲ್ಲಿ. ಎಂಜಿನ್ ಮುಚ್ಚುವ ದುಂಡು ಬಳೆಯ ಮುಂದಿನ ಅಂಚು ಒಳಕ್ಕೆ ಬಾಗುತ್ತದೆ, ಕಾಗದ ಎರಡು ದಿಕ್ಕಿಗೆ ಒಟ್ಟಿಗೆ ಬಾಗಲ್ಲ. ಹಾಗಾಗಿ ಅಂಚನ್ನು ಹೂವಿನ ಎಸಳಿನ ಹಾಗೆ ಸೀಳಿ ಕೊಟ್ಟಿರುತ್ತಾರೆ, ಒಂದೊಂದೇ ಎಸಳು ಬಾಗಿಸಿ ಪಕ್ಕದ್ದಕ್ಕೆ ಸೇರಿಸಬೇಕು. ಒಂದು ಎಸಳು ಅಂಟಿಸಿ, ಅದು ಒಣಗೋ ತನಕ ಎದುರುಗಡೆಯ ಎಸಳಿಗೆ ಹೋಗಿ. ಸಾಲಾಗಿ ಅಂಟಿಸುತ್ತಾ ಹೋದರೆ ಕೊನೆಯ ಎಸಳಿಗೆ ಜಾಗವೇ ಇರಲ್ಲ. ಗಾಜಿಗೆ ಪ್ಲಾಸ್ಟಿಕ್ ಹಾಳೆ ಹಾಕೋ ಆಸೆ ಬರುತ್ತದೆ. ಮೊದಲ ಸಲ ಬೇಡ, ನೀಲಿ ಬಣ್ಣ ಪ್ರಿಂಟ್ ಆಗಿರೋ ಕಾಗದದ್ದನ್ನೇ ಹಾಕಿ. ಅಷ್ಟೊಂದು ಚೌಕಟ್ಟು ಇರೋ ಮುಚ್ಚಳಕ್ಕೆ ಪಾರದರ್ಶಕ ಹಾಳೆ ಹಾಕಿದರೆ ಒಳಗೆ ಚೆಲ್ಲಿದ ಅಂಟೆಲ್ಲ ಊರಿಗೆಲ್ಲ ಕಾಣುತ್ತದೆ.

ಎಚ್‌ಟಿ-2

ಇದು ನಮ್ಮ ಬೆಂಗಳೂರಿನದೇ. ಎಚ್‌ಎಎಲ್‌ನಲ್ಲಿ ವಿಷ್ಣು ಮಾಧವ ಘಾಟಗೆ ಅವರ ಮುಂದಾಳತ್ವದಲ್ಲಿ ವಿನ್ಯಾಸ ಆಗಿ, 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿದ ವಿಮಾನ. ಘಾಟಗೆ ಅವರು ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ವಾಯುಚಲನೆಯ ದೊಡ್ಡ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಓದಿ ಬಂದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದವರು. ಪೂರ್ತಿ ಲೋಹದ ಮೈ, ಕೆಳಗೆ ಒಂದೇ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದಿದ್ದು ಇದೇ. ಘಾನಾ ದೇಶಕ್ಕೂ ಕೆಲವು ಹೋಗಿದ್ದವು.

ನನ್ನ ಕೇಳಿದರೆ ಮೂರರಲ್ಲಿ ಕಾಗದಕ್ಕೆ ಅಂತಲೇ ಹುಟ್ಟಿದ ಹಾಗಿರೋದು ಇದು. ಮೂತಿಯಲ್ಲಿ ದುಂಡು ಎಂಜಿನ್ ಇಲ್ಲ, ರೆಕ್ಕೆಗೆ ತಂತಿ ಇಲ್ಲ, ಗಾಜಿನ ಮುಚ್ಚಳ ಹಾರ್ವರ್ಡ್‌ನದರಷ್ಟು ಉದ್ದ ಇಲ್ಲ. ತೊಂದರೆ ಒಂದೇ, ಕಿಟ್. ನಾನು ಹುಡುಕಿದ ಕಡೆಯೆಲ್ಲ ಸಿಕ್ಕಿದ್ದು ಫೋಟೋಗಳು, ಮೂರು ಕಡೆಯ ನಕ್ಷೆಗಳು ಮಾತ್ರ. ಹಾಗಾಗಿ ನೀವೇ ಬಿಡಿಸಬೇಕು.

ಹೆದರಬೇಡಿ, ಹೈಸ್ಕೂಲ್ ಗಣಿತ ಸಾಕು. ವಿಮಾನದ ಉದ್ದ 7.5 ಮೀಟರ್, 1:33ಕ್ಕೆ ಇಳಿಸಿದರೆ ಸುಮಾರು 23 ಸೆಂ.ಮೀ. ಮೈಯನ್ನು ಉದ್ದಕ್ಕೆ ಏಳೆಂಟು ತುಂಡು ಅಂತ ಭಾಗ ಮಾಡಿ. ಪ್ರತಿ ಕೀಲಿನಲ್ಲೂ ಮೈಯ ಅಡ್ಡಸೀಳು ಹೇಗಿದೆ ಅಂತ ರಟ್ಟಿನ ಮೇಲೆ ಬಿಡಿಸಿ ಬಿಲ್ಲೆ ಕತ್ತರಿಸಿ. ಇದನ್ನು ಫಾರ್ಮರ್ ಅಂತಾರೆ, ರೈತರಿಗೂ ಇದಕ್ಕೂ ಸಂಬಂಧ ಇಲ್ಲ. ಬಿಲ್ಲೆಯ ಸುತ್ತ ದಾರ ಸುತ್ತಿ ಅಳೆದರೆ ಅಲ್ಲಿ ಬೇಕಾದ ಕಾಗದದ ಅಗಲ ಸಿಕ್ಕಿತು. ಎರಡು ಬಿಲ್ಲೆಯ ನಡುವಿನ ತುಂಡು ಅಂದರೆ ತುದಿ ಕತ್ತರಿಸಿದ ಶಂಕು, ಅಷ್ಟೇ. ಮೊದಲು ಮಾಮೂಲಿ ಜೆರಾಕ್ಸ್ ಹಾಳೆಯಲ್ಲಿ ಮಾಡಿ ನೋಡಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಿದ್ದಿ. ನನಗೆ ಮೂತಿಯೊಂದಕ್ಕೇ ಐದು ಸಲ ಮಾಡಬೇಕಾಯಿತು. ಬಾಲದ ಕಡೆ ಎರಡೇ ಸಲಕ್ಕೆ ಕೂತುಕೊಂಡಿತು.

ಬೆಂಗಳೂರಿನಲ್ಲಿದ್ದವರಿಗೆ ಒಂದು ಲಾಭ ಇದೆ. ಹಳೆ ಏರ್‌ಪೋರ್ಟ್ ರಸ್ತೆ ಕಡೆ ಎಚ್‌ಎಎಲ್‌ನ ಮ್ಯೂಸಿಯಂನಲ್ಲಿ ಎಚ್‌ಟಿ-2 ನಿಂತಿದೆ, ಹೋಗಿ ಕಣ್ಣಾರೆ ನೋಡಬಹುದು. ಎಲ್ಲರೂ ಪಕ್ಕದಿಂದ ಒಂದು ಫೋಟೋ ತೆಗೆದು ಬರುತ್ತಾರೆ, ಮಾಡೆಲ್ ಮಾಡುವಾಗ ಅದರಿಂದ ಏನೂ ಉಪಯೋಗ ಇಲ್ಲ. ಬೇಕಾಗೋದು ರೆಕ್ಕೆ ಮೈಗೆ ಸೇರುವ ಮೂಲೆ, ಚಕ್ರದ ಕಾಲು ರೆಕ್ಕೆಗೆ ಸೇರುವ ಜಾಗ, ಬಾಲದ ಬುಡ, ಗಾಜಿನ ಮುಚ್ಚಳದ ಹಿಂದಿನ ಅಂಚು. ಇವುಗಳ ಮುಂದೆ ಬಗ್ಗಿ ಕೂತು ಫೋಟೋ ತೆಗೆಯಿರಿ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಸ್ವಂತ ಬಿಡಿಸೋ ಧೈರ್ಯ ಇನ್ನೂ ಬಂದಿಲ್ಲ ಅನ್ನೋರಿಗೆ ಒಂದು ಒಳದಾರಿ: ಡಿ ಹ್ಯಾವಿಲ್ಯಾಂಡ್‌ನ ಕೆನಡಾ ಶಾಖೆ ಮಾಡಿದ ಚಿಪ್‌ಮಂಕ್. 1946ರಲ್ಲಿ ಹಾರಿದ್ದು. ರೆಕ್ಕೆ 10.46 ಮೀಟರ್, ಎಚ್‌ಟಿ-2ದು 10.72. ಅದೂ ಕೆಳರೆಕ್ಕೆ, ಹಿಂದೆ ಮುಂದೆ ಸೀಟು, ಹೊರಗೇ ಇರೋ ಚಕ್ರ. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಚಿಪ್‌ಮಂಕ್ ಕಿಟ್ ಸಿಕ್ಕಿದರೆ ಮೊದಲು ಅದನ್ನು ಕಟ್ಟಿ, ತುಂಡುಗಳ ಆಕಾರ ಹೇಗಿರುತ್ತದೆ ಅಂತ ಕೈಗೆ ಗೊತ್ತಾಗುತ್ತದೆ. ಆಮೇಲೆ ಎಚ್‌ಟಿ-2 ಬಿಡಿಸೋದು ಅಷ್ಟು ಭಯ ಹುಟ್ಟಿಸಲ್ಲ.

ನನ್ನ ಕ್ರಮ ಕೇಳಿದರೆ: ರೆಡಿ ಕಿಟ್ ಬೇಕು ಅನ್ನೋರು ಮೊದಲು ಹಾರ್ವರ್ಡ್, ಚಕ್ರ ಮಡಚಿ. ಬಿಡಿಸೋ ಹುಚ್ಚು ಇರೋರು ನೇರ ಎಚ್‌ಟಿ-2. ಟೈಗರ್ ಮಾತ್ ಮೂರನೆಯದು, ಬೇಕಾದರೆ ನಾಲ್ಕನೆಯದು.

1:33, 1:50 ಅಥವಾ 1:72

ಕಾಗದದ ವಿಮಾನಗಳಲ್ಲಿ 1:33 ಅನ್ನೋದು ಮಾಮೂಲಿ ಅಳತೆ. ಪೋಲೆಂಡ್, ಜೆಕ್ ಕಡೆಯಿಂದ ಬಂದ ರೂಢಿ ಇದು. ಪೋಲೆಂಡಿನಲ್ಲಿ 1957ರಿಂದಲೇ ಮಾವಿ ಮೊಡೆಲಾಶ್ ಅನ್ನೋ ಪತ್ರಿಕೆ ಇಂಥ ಕತ್ತರಿಸಿ ಅಂಟಿಸೋ ಮಾಡೆಲ್‌ಗಳನ್ನು ಅಚ್ಚು ಹಾಕುತ್ತಾ ಬಂತು. ಪ್ಲಾಸ್ಟಿಕ್ ಮಾಡೆಲ್ ಮಾಡೋರಿಗೆ ಮಾತ್ರ 1:72, 1:48 ರೂಢಿ. ಮನೇಲಿ ಈಗಾಗಲೇ ಪ್ಲಾಸ್ಟಿಕ್ ವಿಮಾನಗಳ ಸಾಲು ಇದ್ದು ಅದರ ಪಕ್ಕ ಇಡಬೇಕು ಅಂದರೆ ಅಳತೆ ಇಳಿಸೋ ಯೋಚನೆ ಬರುತ್ತದೆ. 1:33ನ್ನು ಶೇ. 69ಕ್ಕೆ ಪ್ರಿಂಟ್ ಮಾಡಿದರೆ 1:48 ಆಗುತ್ತದೆ, ಶೇ. 46ಕ್ಕೆ ಮಾಡಿದರೆ 1:72.

ಚಿತ್ರ ಚಿಕ್ಕದಾಗುತ್ತದೆ, ಕಾಗದದ ದಪ್ಪ ಚಿಕ್ಕದಾಗಲ್ಲ. ಎಲ್ಲರೂ ಎಡವೋದು ಇಲ್ಲೇ. 160 ಜಿಎಸ್‌ಎಂ (ಒಂದು ಚದರ ಮೀಟರಿಗೆ 160 ಗ್ರಾಂ ತೂಗುವ) ಹಾಳೆ ಹೆಚ್ಚುಕಡಿಮೆ 0.2 ಮಿ.ಮೀ. ದಪ್ಪ. 1:33ರಲ್ಲಿ ಅದು ನಿಜವಾದ ವಿಮಾನದ ಆರೂವರೆ ಮಿಲಿಮೀಟರಿಗೆ ಸಮ, 1:72ರಲ್ಲಿ ಹದಿನಾಲ್ಕಕ್ಕೂ ಜಾಸ್ತಿ. ರೆಕ್ಕೆಯ ಹಿಂದಿನ ಅಂಚು ಬ್ಲೇಡಿನ ಹಾಗಿರಬೇಕಾದ್ದು ದೋಸೆಯ ಅಂಚಿನ ಹಾಗೆ ಕಾಣುತ್ತದೆ. ಜೊತೆಗೆ 1:72ರಲ್ಲಿ ಟೈಗರ್ ಮಾತ್ ಹನ್ನೆರಡೂವರೆ ಸೆಂ.ಮೀ. ಅಷ್ಟೇ, ಅದರ ಕಂಬ ಹಿಡಿಯೋಕೆ ಬೆರಳು ಸಾಲಲ್ಲ, ಚಿಮಟಿಗೆ ಬೇಕು. ಇತ್ತ 1:33ರಲ್ಲಿ ಹಾರ್ವರ್ಡ್ 39 ಸೆಂ.ಮೀ. ಅಗಲ, ಮನೇಲಿ ಇಡೋಕೆ ಜಾಗ ಎಲ್ಲಿ ಅಂತ ಪ್ರಶ್ನೆ ಬಂದೇ ಬರುತ್ತದೆ. ಜಾಗ ಇಲ್ಲದಿದ್ದರೆ 1:50ಕ್ಕೆ ಇಳಿಸಿ, ಹಾರ್ವರ್ಡ್ 26 ಸೆಂ.ಮೀ. ಒಳಗೇ ಬರುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಡಿ. ಅಳತೆ ಇಳಿಸಿದಾಗ ಹಾಳೆಯನ್ನೂ 120 ಜಿಎಸ್‌ಎಂಗೆ ಇಳಿಸಿ.

ಪ್ರಿಂಟು, ಹಾಳೆ, ಅಂಟು

ಹಾರ್ವರ್ಡ್ ಕಟ್ಟುವಾಗ ಮೈಯ ಹಾಳೆಗಳನ್ನು ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿದೆ. ಬಿಲ್ಲೆಗಳ ಹಾಳೆ ಒಂದು ಮರೆತುಹೋಗಿತ್ತು, ಅದನ್ನು ಮಾರನೇ ದಿನ ಇನ್ನೊಂದು ಅಂಗಡಿಯಲ್ಲಿ. ಮನೆಗೆ ಬಂದು ಬಿಲ್ಲೆಗೆ ಮೈ ಸುತ್ತಿದರೆ ಸೇರುತ್ತಲೇ ಇಲ್ಲ, ನಾಲ್ಕು ಮಿಲಿಮೀಟರ್ ಬಾಯಿ ಬಿಟ್ಟುಕೊಂಡಿದೆ. ಕಿಟ್ ಮಾಡಿದವನನ್ನು ಮನಸಾರೆ ಬೈದೆ. ಆಮೇಲೆ ಸ್ಕೇಲ್ ಇಟ್ಟು ನೋಡಿದರೆ ಮೊದಲನೇ ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಒತ್ತಿ, ಶೇ. 97ಕ್ಕೆ ಇಳಿಸಿ ಪ್ರಿಂಟ್ ಕೊಟ್ಟಿದ್ದರು. ನಾಲ್ಕು ಸೆಂ.ಮೀ. ಅಗಲದ ಬಿಲ್ಲೆಯ ಸುತ್ತಳತೆ ಹನ್ನೆರಡೂವರೆ ಸೆಂ.ಮೀ., ಅದರಲ್ಲಿ ಶೇ. 3 ಅಂದರೆ ಸರಿಯಾಗಿ ಆ ನಾಲ್ಕು ಮಿಲಿಮೀಟರ್. ಎಲ್ಲ ಹಾಳೆಗಳನ್ನೂ ಒಂದೇ ಕಡೆ, ಒಂದೇ ದಿನ, ‘ಆಕ್ಚುವಲ್ ಸೈಜ್’ ಅಂತ ಹೇಳಿ ಮಾಡಿಸಿ. ಹೇಳಿದರೆ ಸಾಲದು, ಪರದೆಯನ್ನು ನಿಮ್ಮ ಕಣ್ಣಲ್ಲೇ ನೋಡಿ.

ಲೇಸರ್ ಪ್ರಿಂಟ್‌ಗೆ ನೀರು ತಾಗಿದರೂ ಬಣ್ಣ ಹರಡಲ್ಲ, ಆದರೆ ಮಡಿಕೆಯಲ್ಲಿ ಬಣ್ಣದ ಪದರ ಎದ್ದು ಬಿಳಿ ಗೆರೆ ಕಾಣುತ್ತದೆ. ಇಂಕ್‌ಜೆಟ್‌ನಲ್ಲಿ ಮಡಿಕೆ ಚೆನ್ನಾಗಿ ಬರುತ್ತದೆ, ಆದರೆ ಬೆವರಿದ ಬೆರಳು ತಾಗಿದರೂ ಬಣ್ಣ ಬಿಡಬಹುದು. ಹಳದಿ ಟ್ರೇನರ್‌ಗೆ ನಾನು ಲೇಸರನ್ನೇ ಹೇಳೋದು, ಬಿಳಿ ಗೆರೆಗೆ ಹಳದಿ ಸ್ಕೆಚ್ ಪೆನ್ನು ಸವರಿದರೆ ಮುಗಿಯಿತು. ಕತ್ತರಿಸಿದ ಪ್ರತಿ ಅಂಚಿಗೂ ಅಂಟಿಸೋ ಮೊದಲು ಬಣ್ಣ ಸವರಿ, ಅಷ್ಟು ಮಾಡಿದರೇ ಮಾಡೆಲ್‌ನ ಕಳೆ ಬದಲಾಗುತ್ತದೆ. ಹೊಳಪಿನ ಫೋಟೋ ಪೇಪರ್ ಬೇಡವೇ ಬೇಡ, ಸುತ್ತಿದರೆ ಸೀಳುತ್ತದೆ.

ಹಾಳೆಗೆ ನಾರಿನ ದಿಕ್ಕು ಇರುತ್ತದೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆಗೆ ಸಲೀಸಾಗಿ ಕೊಳವೆಯ ಹಾಗೆ ಸುತ್ತಿಕೊಳ್ಳುತ್ತದೋ ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ವಿಮಾನದ ಮೈಯ ಉದ್ದವೂ ಆ ದಿಕ್ಕಿಗೇ ಬರಬೇಕು. ಉಲ್ಟಾ ಆದರೆ ಸುತ್ತುವಾಗ ಮುರಿದುಮುರಿದು ಮೂಲೆಗಳು ಏಳುತ್ತವೆ. ಬಿಲ್ಲೆಗಳಿಗೆ ದುಡ್ಡು ಕೊಟ್ಟು ರಟ್ಟು ತರಬೇಡಿ. ಮನೆಗೆ ಬಂದಿರೋ ಮದುವೆ ಕಾರ್ಡುಗಳಲ್ಲಿ ದಪ್ಪಗಿರೋದು ಆರಿಸಿಕೊಳ್ಳಿ, ಎರಡು ಸೇರಿಸಿ ಅಂಟಿಸಿದರೆ ಒಂದು ಮಿ.ಮೀ. ಹತ್ತಿರ ಬರುತ್ತದೆ.

ಅಂಟಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಣ್ಣ ಕೀಲುಗಳಿಗೆ ನಾವೆಲ್ಲ ಫೆವಿಕಾಲ್ ಅಂತ ಕರೆಯೋ ಬಿಳಿ ಅಂಟು, ಹಲ್ಲುಕಡ್ಡಿಯ ತುದಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ. ದೊಡ್ಡ ಹಾಳೆಗೆ ಹಾಳೆ ಅಂಟಿಸುವಾಗ ಅದು ಬೇಡ, ಅದರ ನೀರಿಗೆ ಕಾಗದ ಹಪ್ಪಳದ ಹಾಗೆ ಏಳುತ್ತದೆ, ಅಲ್ಲಿ ರಬ್ಬರ್ ಅಂಟು. ಕಡ್ಡಿ, ತಂತಿಗೆ ಮಾತ್ರ ಕ್ವಿಕ್ ಅಂಟು. ಮಂಗಳೂರು, ಕಾರವಾರದ ಕಡೆಯವರು ಜೂನ್ ಜುಲೈನಲ್ಲಿ ದೊಡ್ಡ ರೆಕ್ಕೆಗೆ ಕೈ ಹಾಕಬೇಡಿ. ತೇವಕ್ಕೆ ಹಾಳೆ ಹಿಗ್ಗಿರುತ್ತದೆ, ನೀವು ಅಂಟಿಸಿ ಮುಗಿಸಿದ ಮೇಲೆ ಬಿಸಿಲು ಬಂದಾಗ ರೆಕ್ಕೆ ತಿರುಚಿಕೊಳ್ಳುತ್ತದೆ. ಆ ಎರಡು ತಿಂಗಳು ಬೇಕಾದರೆ ಎಂಜಿನ್, ಪ್ರೊಪೆಲ್ಲರ್, ಸೀಟಿನ ಥರದ ಸಣ್ಣಪುಟ್ಟದ್ದು ಮಾಡಿಟ್ಟುಕೊಳ್ಳಿ.

ತೂಗು ಹಾಕೋರು ಮೈ ಮುಚ್ಚೋದಕ್ಕೆ ಮೊದಲೇ ದಾರವನ್ನು ಒಳಗಿನ ಬಿಲ್ಲೆಗೆ ಕಟ್ಟಿ ಹೊರಗೆ ಬಿಟ್ಟಿರಬೇಕು, ಆಮೇಲೆ ಹೊರಗಿನಿಂದ ಅಂಟಿಸಿದ್ದು ನಿಲ್ಲಲ್ಲ. ಎರಡು ದಾರ ಬಿಡಿ, ಒಂದು ರೆಕ್ಕೆಯ ಮುಂದೆ, ಒಂದು ಹಿಂದೆ. ಹಿಂದಿನದನ್ನು ಸ್ವಲ್ಪ ಉದ್ದ ಮಾಡಿದರೆ ಮೂತಿ ಮೇಲೆದ್ದು ಈಗಷ್ಟೇ ನೆಲ ಬಿಟ್ಟ ಹಾಗೆ ಕಾಣುತ್ತದೆ. ಮತ್ತೆ ಮೊಳೆ ಹೊಡೆಯೋ ಮೊದಲು ಫ್ಯಾನ್ ಹಾಕಿ ನೋಡಿ. ನಾನು ನೋಡಿರಲಿಲ್ಲ, ಹಾರ್ವರ್ಡ್‌ನ ಬಲರೆಕ್ಕೆಯ ತುದಿಯಲ್ಲಿರೋ ತೇಪೆ ಅದರದ್ದೇ.